ಗಂಟು ಕರಗುವುದೇ? ಗುದನಾಳ ಕ್ಯಾನ್ಸರ್ ಮತ್ತು ಪ್ರೋಟೀನ್ ಸೂಚಕಗಳ ಅರವತ್ತು ವರ್ಷ

ಶ್ರೀರಾಮನಗರ, ಗಂಗಾವತಿ ಸುತ್ತಿನ ಭತ್ತದ ಸೀಮೆಯಲ್ಲಿ ಮಲದ ಜೊತೆ ರಕ್ತ ಬಿದ್ದರೆ ಮೊದಲು ಬಾಯಿಗೆ ಬರುವ ಮಾತು ಮೂಲವ್ಯಾಧಿ. ನಾಟಿ ಔಷಧಿ, ಮೆಡಿಕಲ್ ಶಾಪಿನ ಮುಲಾಮು ಎಂದು ತಿಂಗಳುಗಳು ಕಳೆಯುತ್ತವೆ. ಕೊನೆಗೊಬ್ಬ ವೈದ್ಯರು ಬೆರಳಿಟ್ಟು ನೋಡಿ, ಬಯಾಪ್ಸಿಗೆ ಬರೆದುಕೊಟ್ಟು, ಗುದನಾಳದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಮನೆಯವರು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ಕಿದ್ವಾಯಿಗೋ ಹೊರಡುತ್ತಾರೆ. ಅಲ್ಲಿ ಅವರು ಕೇಳುವುದು ಒಂದೇ: “ಕರೆಂಟ್ ಕೊಟ್ರ ಗಂಟು ಕರಗತೈತೇನ್ರೀ?” ವಿಕಿರಣ ಶುರುವಾಗುವ ಮೊದಲೇ ಇದಕ್ಕೆ ಉತ್ತರ ಹೇಳಬಲ್ಲ ಪ್ರೋಟೀನ್ ಯಾವುದಾದರೂ ಇದೆಯೇ ಎಂದು ಜಗತ್ತಿನ ಪ್ರಯೋಗಾಲಯಗಳು ದಶಕಗಳಿಂದ ಹುಡುಕುತ್ತಿವೆ. ನೂರಾರು ಹೆಸರುಗಳು ಬಂದು ಹೋದವು. ಆಸ್ಪತ್ರೆಯ ವಾರ್ಡಿನ ತನಕ ಬಂದು ನಿಂತವು ಬೆರಳೆಣಿಕೆಯಷ್ಟು.

ಆ ಪ್ರಶ್ನೆಗೆ ಅಷ್ಟು ತೂಕ ಯಾಕೆ ಎಂದು ತಿಳಿಯಲು ಶಸ್ತ್ರಚಿಕಿತ್ಸೆಯ ಕಥೆ ಸ್ವಲ್ಪ ಗೊತ್ತಿರಬೇಕು. 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಗುದನಾಳ, ಗುದದ್ವಾರ ಎರಡನ್ನೂ ತೆಗೆದು ಹೊಟ್ಟೆಯ ಮೇಲೆ ಮಲದ ದಾರಿ ಮಾಡಿಕೊಡುವ ಶಸ್ತ್ರಚಿಕಿತ್ಸೆಯನ್ನು ವಿವರಿಸಿದರು. ಜೀವ ಉಳಿಯಿತು, ಮಲ ತುಂಬುವ ಚೀಲವೂ ಉಳಿಯಿತು. 1982ರಲ್ಲಿ ಬಿಲ್ ಹೀಲ್ಡ್ ಗುದನಾಳವನ್ನು ಅದರ ಕೊಬ್ಬಿನ ಹೊದಿಕೆಯ ಸಮೇತ ಬಿಡಿಸಿ ತೆಗೆಯುವ ಕ್ರಮ ತೋರಿಸಿದ ಮೇಲೆ ರೋಗ ಅದೇ ಜಾಗದಲ್ಲಿ ಮರುಕಳಿಸುವುದು ಬಹಳ ಕಡಿಮೆಯಾಯಿತು. 2004ರ ಜರ್ಮನ್ ಅಧ್ಯಯನ ವಿಕಿರಣ ಮತ್ತು ಕೀಮೋವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕೊಡುವುದು ಮೇಲೆಂದು ತೋರಿಸಿತು: ಅಲ್ಲೇ ಮರುಕಳಿಸಿದ್ದು ಶೇ. 6, ಆಮೇಲೆ ಕೊಟ್ಟವರಲ್ಲಿ ಶೇ. 13. ಹೀಗೆ ಮೊದಲೇ ಚಿಕಿತ್ಸೆ ಕೊಟ್ಟು ಆಪರೇಷನ್ ಮಾಡಿದಾಗ, ಸುಮಾರು ಶೇ. 15ರಿಂದ 20 ರೋಗಿಗಳಲ್ಲಿ ತೆಗೆದ ಭಾಗದಲ್ಲಿ ಕ್ಯಾನ್ಸರ್ ಕೋಶವೇ ಸಿಗಲಿಲ್ಲ! ಹಾಗಾದರೆ ತೆಗೆದದ್ದೇಕೆ? ಬ್ರೆಜಿಲಿನ ಆಂಜೆಲಿಟಾ ಹಬ್ರ್-ಗಾಮಾ ಈ ಪ್ರಶ್ನೆಯನ್ನು ಧೈರ್ಯವಾಗಿ ಎತ್ತಿ, ಗಂಟು ಪೂರ್ತಿ ಕರಗಿದ 71 ಮಂದಿಗೆ ಕತ್ತರಿ ಹಾಕದೆ ಕಾದು ನೋಡಿದ ಫಲಿತಾಂಶವನ್ನು 2004ರಲ್ಲೇ ಪ್ರಕಟಿಸಿದರು.

ಬಿಸಿಲಲ್ಲಿ ಬಗ್ಗಿ ಸಸಿ ನಾಟಿ ಮಾಡುವ, ಕೆಸರುಗದ್ದೆಯಲ್ಲಿ ದಿನವಿಡೀ ನಿಲ್ಲುವ ಕೂಲಿ ಹೆಂಗಸಿಗೆ ಹೊಟ್ಟೆಯ ಮೇಲೆ ಚೀಲ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬೆವರಿಗೆ ಅಂಟು ಬಿಡುತ್ತದೆ, ಚರ್ಮ ಸುಲಿಯುತ್ತದೆ, ಕೆಲಸ ತಪ್ಪುತ್ತದೆ. ಯಾರ ಗಂಟು ಕರಗುತ್ತದೆ ಎಂದು ಮುಂಚೆಯೇ ತಿಳಿದರೆ ಅವಳ ಬದುಕಿನ ದಾರಿಯೇ ಬೇರೆಯಾಗುತ್ತದೆ.

ಹುಡುಕಾಟದ ಮೊದಲ ಫಲ 1965ರದು. ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಅವರಿಗೆ ದೊಡ್ಡಕರುಳಿನ ಕ್ಯಾನ್ಸರಿನಲ್ಲೂ ಭ್ರೂಣದ ಕರುಳಿನಲ್ಲೂ ಕಾಣುವ ಪ್ರೋಟೀನೊಂದು ಸಿಕ್ಕಿತು. ಅದೇ ಸಿಇಎ. ಒಂದು ಹನಿ ರಕ್ತದಿಂದ ಕ್ಯಾನ್ಸರ್ ಪತ್ತೆಯಾಗುತ್ತದೆ ಎಂಬ ಭಾರೀ ಆಸೆ ಹುಟ್ಟಿತು. ಆದರೆ ಬೀಡಿ, ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಅದು ಏರುತ್ತದೆ. ಆರಂಭದ ಹಂತದ ಎಷ್ಟೋ ಗಂಟುಗಳಲ್ಲಿ ಏರುವುದೇ ಇಲ್ಲ. ಪತ್ತೆಗೆ ಸೋತ ಪರೀಕ್ಷೆ ನಿಗಾ ಇಡುವುದರಲ್ಲಿ ಗೆದ್ದಿತು. ಚಿಕಿತ್ಸೆಗೆ ಮೊದಲು ಮಿಲಿಲೀಟರಿಗೆ 5 ನ್ಯಾನೋಗ್ರಾಮಿಗಿಂತ ಕಡಿಮೆ ಇದ್ದವರಲ್ಲಿ, ಅಥವಾ ಏರಿದ್ದು ಚಿಕಿತ್ಸೆಯ ನಂತರ ಆ ಮಟ್ಟಕ್ಕೆ ಇಳಿದವರಲ್ಲಿ, ಗಂಟು ಚೆನ್ನಾಗಿ ಕರಗುವ ಸಂಭವ ಹೆಚ್ಚು ಎಂದು ಒಂದಾದ ಮೇಲೊಂದು ಅಧ್ಯಯನ ಹೇಳಿದೆ. ತಾಲ್ಲೂಕು ಊರಿನಲ್ಲೂ ರಕ್ತ ಕೊಟ್ಟು ಮಾಡಿಸಬಹುದಾದ ಈ ಹಳೆಯ ಪರೀಕ್ಷೆಯನ್ನು ಹಳೆಯದೆಂದು ತಾತ್ಸಾರ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಒಬ್ಬ ರೋಗಿಗೆ ಆಪರೇಷನ್ ಬೇಡ ಎಂದು ಹೇಳುವ ಬಲ ಅದೊಂದಕ್ಕೇ ಇಲ್ಲ.

1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಯ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದ ಮೇಲೆ ಹುಡುಕಾಟ ರಕ್ತದಿಂದ ಗಂಟಿನೊಳಕ್ಕೇ ಇಳಿಯಿತು. ಬಯಾಪ್ಸಿ ತುಣುಕಿಗೆ ಪ್ರತಿಕಾಯ ಹಚ್ಚಿದರೆ ಆ ಪ್ರೋಟೀನ್ ಇರುವಲ್ಲಿ ಕಂದು ಬಣ್ಣ ಏಳುತ್ತದೆ. ಪಿ53, ಕೆಐ-67, ಬಿಸಿಎಲ್-2, ಸರ್ವೈವಿನ್, 5-ಎಫ್‌ಯು ಎಂಬ ಕೀಮೋ ಔಷಧಿಯ ಗುರಿಯಾದ ಥೈಮಿಡಿಲೇಟ್ ಸಿಂಥೇಸ್ ಹೀಗೆ ಪಟ್ಟಿ ಬೆಳೆಯುತ್ತಲೇ ಹೋಯಿತು. ಪಿ53ರ ತರ್ಕ ಬಹಳ ಚೆಂದವಾಗಿತ್ತು. ವಿಕಿರಣ ಡಿಎನ್‌ಎಯನ್ನು ಮುರಿಯುತ್ತದೆ. ಮುರಿದ ಕೋಶ ಸಾಯುವಂತೆ ಮಾಡುವುದು ಪಿ53. ಅದು ಕೆಟ್ಟಿದ್ದರೆ ಕೋಶ ಸಾಯದು, ಗಂಟು ಕರಗದು. ಕೆಲವು ತಂಡಗಳು ಹೌದೆಂದವು, ಬೇರೆಯವು ಸಂಬಂಧವೇ ಇಲ್ಲ ಎಂದವು. ತೊಡಕು ಬಣ್ಣದಲ್ಲೇ ಇತ್ತು. ಕೆಟ್ಟ ಪಿ53 ಕೋಶದಲ್ಲಿ ಶೇಖರವಾಗಿ ಗಾಢ ಕಂದು ಕಾಣುತ್ತದೆ, ನಿಜ. ಆದರೆ ಜೀನ್ ಪೂರ್ತಿ ಮುರಿದು ಪ್ರೋಟೀನೇ ತಯಾರಾಗದಿದ್ದರೆ ಬಣ್ಣವೇ ಏಳದು, ಅಂಥ ಗಂಟನ್ನು ಪಿ53 ಸರಿಯಾಗಿರುವ ಗುಂಪಿಗೆ ಸೇರಿಸಿಬಿಡುವ ಅಪಾಯವಿದೆ.

ಉಳಿದವೂ ಹೀಗೇ ಮುಗ್ಗರಿಸಿದವು. ಒಂದೊಂದು ಅಧ್ಯಯನದಲ್ಲಿ ಕೆಲವೇ ಹತ್ತಾರು ರೋಗಿಗಳು. ಒಬ್ಬರು ಶೇ. 10 ಕೋಶ ಕಂದಾದರೆ ‘ಪಾಸಿಟಿವ್’ ಎಂದರೆ, ಇನ್ನೊಬ್ಬರು ಬೇರೆಯೇ ಗೆರೆ ಎಳೆದರು. ಬಯಾಪ್ಸಿ ಇಕ್ಕಳ ಗಂಟಿನ ಮೇಲ್ಮೈಯಿಂದ ತರುವ ಅಕ್ಕಿಕಾಳಿನಷ್ಟು ತುಣುಕು ಆಳದಲ್ಲಿ ಏನಿದೆ ಎಂದು ಹೇಳಲಾರದು. ಫಲಿತಾಂಶ ಬಂದವರು ಬರೆದರು, ಬಾರದವರು ಸುಮ್ಮನಾದರು. 2005ರಲ್ಲಿ ಇಂಥ ಅಧ್ಯಯನಗಳನ್ನು ವರದಿ ಮಾಡುವುದಕ್ಕೆ ‘ರಿಮಾರ್ಕ್’ ಎಂಬ ನಿಯಮಾವಳಿ ಬಂದದ್ದು ಈ ಗೊಂದಲದಿಂದಲೇ. ಇಜಿಎಫ್‌ಆರ್ ಕಥೆ ಇನ್ನೂ ಸ್ಪಷ್ಟ: ಹರಡಿದ ಕರುಳಿನ ಕ್ಯಾನ್ಸರಿನಲ್ಲಿ ಸೆಟುಕ್ಸಿಮ್ಯಾಬ್ ಔಷಧಿ ಹಿಡಿಯುವುದೇ ಆ ಪ್ರೋಟೀನನ್ನು, ಆದರೂ ಅದರ ಬಣ್ಣ ನೋಡಿ ಯಾರಿಗೆ ಔಷಧಿ ನಾಟುತ್ತದೆಂದು ಹೇಳಲಾಗಲಿಲ್ಲ. ಆ ಕೆಲಸಕ್ಕೆ ಬಂದದ್ದು ಕೆಆರ್‌ಎಎಸ್ ಎಂಬ ಜೀನಿನ ಪರೀಕ್ಷೆ.

ಒಂದೊಂದೇ ಪ್ರೋಟೀನ್ ಬಿಟ್ಟು ಎಲ್ಲವನ್ನೂ ಒಟ್ಟಿಗೆ ಅಳೆಯುವ ಕಾಲ ಮಾಸ್ ಸ್ಪೆಕ್ಟ್ರೋಮೀಟರ್ ಜೊತೆ ಬಂತು. ಇಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. 2014ರಲ್ಲಿ ಅಖಿಲೇಶ್ ಪಾಂಡೆ ನೇತೃತ್ವದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಮತ್ತು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ವಿಜ್ಞಾನಿಗಳು ಮನುಷ್ಯ ದೇಹದ ಪ್ರೋಟೀನ್‌ಗಳ ಕರಡು ನಕ್ಷೆಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 17,294 ಜೀನ್‌ಗಳ ಪ್ರೋಟೀನ್‌ಗಳು ಅದರಲ್ಲಿವೆ. ಅವರು ಅಳೆದ ಆರೋಗ್ಯವಂತ ಅಂಗಾಂಶಗಳಲ್ಲಿ ಗುದನಾಳವೂ ಒಂದು. ಅದೇ ವರ್ಷ ಅಮೆರಿಕದ ಇನ್ನೊಂದು ತಂಡ ದೊಡ್ಡಕರುಳು ಮತ್ತು ಗುದನಾಳದ ಗಂಟುಗಳ 95 ಮಾದರಿಗಳನ್ನು ಅಳೆದು, ಆರ್‌ಎನ್‌ಎ ಪ್ರಮಾಣ ನೋಡಿ ಪ್ರೋಟೀನ್ ಎಷ್ಟಿದೆ ಎಂದು ನೆಚ್ಚಿಕೊಂಡು ಹೇಳಲಾಗದು ಎಂದು ತೋರಿಸಿತು. ಪ್ರೋಟೀನನ್ನೇ ಅಳೆಯಬೇಕು ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ಗಂಟಿನೊಳಗೆ ನುಗ್ಗಿದ ರಕ್ಷಣಾ ಕೋಶಗಳನ್ನು ಸಿಡಿ3, ಸಿಡಿ8 ಪ್ರೋಟೀನ್‌ಗಳಿಂದ ಗುರುತಿಸಿ ಎಣಿಸುವ ಫ್ರಾನ್ಸಿನ ಜೆರೋಮ್ ಗ್ಯಾಲನ್ ಅವರ ವಿಧಾನವೂ ಗುದನಾಳದ ಬಯಾಪ್ಸಿಗಳಲ್ಲಿ ಭರವಸೆ ಹುಟ್ಟಿಸಿದೆ.

ಆದರೆ ಚಿಕಿತ್ಸೆಯನ್ನೇ ಬದಲಿಸಿದವು ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಪ್ರೋಟೀನ್‌ಗಳು. ಕೋಶ ಎರಡಾಗುವಾಗ ಡಿಎನ್‌ಎ ನಕಲಿನಲ್ಲಿ ಬೀಳುವ ತಪ್ಪುಗಳನ್ನು ತಿದ್ದುವುದು ಇವುಗಳ ಕೆಲಸ. ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕ್ಯಾನ್ಸರ್ ಕೋಶಗಳ ಕೇಂದ್ರಗಳು ಬರೀ ನೀಲಿಯಾಗಿದ್ದು, ಪಕ್ಕದ ಬಿಳಿರಕ್ತಕಣಗಳು ಕಂದಾಗಿದ್ದರೆ ಪರೀಕ್ಷೆ ಸರಿಯಾಗಿದೆ, ಗಂಟು ಆ ಪ್ರೋಟೀನನ್ನು ಕಳೆದುಕೊಂಡಿದೆ ಎಂದರ್ಥ. ಪಕ್ಕದವೂ ನೀಲಿಯಾಗಿದ್ದರೆ ಬಣ್ಣವೇ ಹತ್ತಿಲ್ಲ, ಮತ್ತೆ ಮಾಡಬೇಕು. ಹೀಗೆ ಪ್ರೋಟೀನ್ ಕಳೆದುಕೊಂಡ ಗಂಟುಗಳು ಶೇ. 5ರಿಂದ 10 ಮಾತ್ರ, ಸಾಮಾನ್ಯ ಕೀಮೋಗೆ ಅಷ್ಟಾಗಿ ಬಗ್ಗುವುದಿಲ್ಲ. 2022ರಲ್ಲಿ ನ್ಯೂಯಾರ್ಕಿನ ಆಂಡ್ರಿಯಾ ಸೆರ್ಸೆಕ್ ತಂಡ ಇಂಥವರಿಗೆ ಆರು ತಿಂಗಳು ಡೊಸ್ಟಾರ್ಲಿಮ್ಯಾಬ್ ಎಂಬ ಇಮ್ಯುನೊಥೆರಪಿ ಮಾತ್ರ ಕೊಟ್ಟಿತು. ಚಿಕಿತ್ಸೆ ಮುಗಿಸಿದ ಮೊದಲ 12 ಮಂದಿಯಲ್ಲೂ ಗಂಟು ಪೂರ್ತಿ ಮಾಯ. 2025ರ ವರದಿಯಲ್ಲಿ ಆ ಸಂಖ್ಯೆ 49ಕ್ಕೆ 49. ವಿಕಿರಣವೂ ಇಲ್ಲ, ಕತ್ತರಿಯೂ ಇಲ್ಲ, ಚೀಲವೂ ಇಲ್ಲ.

ಇಮ್ಯುನೊಥೆರಪಿಯ ಖರ್ಚು ಲಕ್ಷಗಳ ಲೆಕ್ಕದ್ದು, ಭತ್ತದ ಸೀಮೆಯ ಕೂಲಿಯವರಿಗೆ ಕೈಗೆಟುಕುವಂಥದಲ್ಲ. ಸರ್ಕಾರಗಳು ಚೌಕಾಶಿ ಮಾಡಿ ಇಳಿಸಬೇಕಾದ ಬೆಲೆ ಅದು. ಆದರೆ ಆ ನಾಲ್ಕು ಪ್ರೋಟೀನುಗಳ ಬಣ್ಣದ ಪರೀಕ್ಷೆ ಅಷ್ಟು ದುಬಾರಿಯಲ್ಲ, ಬಯಾಪ್ಸಿ ತುಣುಕನ್ನು ಇಟ್ಟ ಮೇಣದ ಬ್ಲಾಕ್ ಇದ್ದರೆ ದೊಡ್ಡ ಪ್ಯಾಥಾಲಜಿ ವಿಭಾಗದಲ್ಲಿ ಮಾಡಿಸಬಹುದು. ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿನವರಲ್ಲೂ ಈ ಕ್ಯಾನ್ಸರ್ ಕಾಣುತ್ತಿರುವುದರಿಂದ ಆ ಪರೀಕ್ಷೆಯ ಮಹತ್ವ ಇನ್ನೂ ಹೆಚ್ಚು. ಪ್ರೋಟೀನ್ ಕಾಣೆಯಾಗಿದ್ದರೆ ದೋಷ ಮನೆತನದಲ್ಲೇ ಇರಬಹುದು, ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಕೂಡ ತಪಾಸಣೆ ಮಾಡಿಸಿಕೊಳ್ಳಬೇಕಾಗುತ್ತದೆ. ಪರೀಕ್ಷೆ ಮಾಡಿಸಬೇಕಾದದ್ದು ಮೊದಲ ಬಯಾಪ್ಸಿಯ ತುಣುಕಿನಲ್ಲೇ. ಕರೆಂಟು, ಕೀಮೋ ಆದ ಮೇಲೆ ಉಳಿದ ಗಂಟಿನಲ್ಲಿ ಎಂಎಸ್‌ಎಚ್6 ಬಣ್ಣ ಮಂಕಾಗಿ ಪ್ರೋಟೀನ್ ಇದ್ದರೂ ಇಲ್ಲದಂತೆ ಕಾಣಬಹುದು. ಹಾಗಾಗಿ ಗಂಗಾವತಿಯಲ್ಲೋ ಕೊಪ್ಪಳದಲ್ಲೋ ಬಯಾಪ್ಸಿ ಮಾಡಿಸಿದವರು ದೊಡ್ಡ ಆಸ್ಪತ್ರೆಗೆ ಹೊರಡುವಾಗ ವರದಿಯ ಹಾಳೆಯ ಜೊತೆ ಆ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಪಡೆದುಕೊಂಡು ಹೋಗಬೇಕು.