ದೇವರ ಮಾತು ಮತ್ತು ಏರುವ ಕಡಲು

1861ರಲ್ಲಿ ಶಾಂತಸಾಗರದ ಮನಿಹಿಕಿ ದ್ವೀಪದಿಂದ ಹೊರಟ ಸಣ್ಣ ದೋಣಿಯೊಂದು ಬಿರುಗಾಳಿಗೆ ಸಿಕ್ಕಿ ದಾರಿ ತಪ್ಪಿತು. ವಾರಗಟ್ಟಲೆ ತೇಲಿದ ಅದು ಕೊನೆಗೆ ದಡ ಸೇರಿದ್ದು ನುಕುಲೈಲೈ ಎಂಬ ಹವಳದ ದ್ವೀಪದಲ್ಲಿ. ದೋಣಿಯಲ್ಲಿದ್ದವರಲ್ಲಿ ಎಲೆಕಾನಾ ಎಂಬ ಕ್ರೈಸ್ತ ಸಭೆಯ ಸೇವಕನೂ ಒಬ್ಬ. ಬದುಕಿ ಉಳಿದ ಆತ ಅಲ್ಲಿನ ಜನಕ್ಕೆ ಬೈಬಲ್ ಓದಿ ಹೇಳತೊಡಗಿದ. ಬಳಿಕ ಸಮೋವಾದಲ್ಲಿ ಧರ್ಮಶಿಕ್ಷಣ ಪಡೆದು 1865ರಲ್ಲಿ ಉಪದೇಶಿಯಾಗಿ ಮರಳಿ ಬಂದ. ಇಂದಿನ ತುವಾಲು ದೇಶಕ್ಕೆ ಕ್ರೈಸ್ತ ಧರ್ಮ ಬಂದ ಬಗೆ ಇದು.

ಕಡಲೇ ತಂದುಕೊಟ್ಟ ಆ ಧರ್ಮ ಒಂದೂವರೆ ಶತಮಾನದ ನಂತರ ಅದೇ ಕಡಲಿನ ಬಗ್ಗೆ ಕಠಿಣವಾದ ಪ್ರಶ್ನೆಯೊಂದನ್ನು ಎದುರಿಸಬೇಕಾಯಿತು. ನೀರು ಏರುತ್ತಿದೆ, ಪ್ರಾರ್ಥಿಸಿ ಸುಮ್ಮನಿರಬೇಕೇ, ಇಲ್ಲ ಜಗತ್ತಿನ ಸರ್ಕಾರಗಳ ಬಾಗಿಲು ತಟ್ಟಬೇಕೇ?

ಒಂಬತ್ತು ದ್ವೀಪಗಳ ತುವಾಲು ಸ್ವತಂತ್ರವಾದದ್ದು 1978ರಲ್ಲಿ. ವಿಸ್ತೀರ್ಣ ಕೇವಲ 26 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 11 ಸಾವಿರ. ದೇಶದ ಲಾಂಛನದ ಮೇಲೆ ಕೆತ್ತಿರುವ ಮಾತು 'ತುವಾಲು ದೇವರಿಗಾಗಿ'. ಇಲ್ಲಿ ಬೆಟ್ಟಗಳಿಲ್ಲ, ಹೊಳೆಗಳಿಲ್ಲ. ನೆಲದ ಬಹುಭಾಗ ಕಡಲ ಮಟ್ಟದಿಂದ ಎರಡು–ಮೂರು ಮೀಟರ್‌ಗಿಂತ ಮೇಲಕ್ಕೆ ಏರುವುದಿಲ್ಲ. 2023ಕ್ಕೆ ಹಿಂದಿನ ಮೂರು ದಶಕಗಳಲ್ಲಿ ಸುತ್ತಲಿನ ಕಡಲು ಹೆಚ್ಚುಕಡಿಮೆ 15 ಸೆಂಟಿಮೀಟರ್ ಮೇಲೇರಿದೆ.

ಒಂದು ಗೇಣಿಗೂ ಕಡಿಮೆ ಏರಿಕೆಗೆ ಇಷ್ಟೊಂದು ಆತಂಕವೇ ಎಂದು ಯಾರಿಗಾದರೂ ಅನಿಸೀತು. ಹವಳದ ದ್ವೀಪದ ರಚನೆಯನ್ನು ನೋಡಿದರೆ ಕಾರಣ ತಿಳಿಯುತ್ತದೆ. ಮಳೆಯ ಸಿಹಿನೀರು ನೆಲದೊಳಕ್ಕೆ ಇಂಗಿ, ಭಾರವಾದ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ದ್ವೀಪವಾಸಿಗಳು ಈ ಪದರ ಸಿಗುವವರೆಗೆ ಹೊಂಡ ತೋಡಿ, ಕೆಸುವಿನ ಜಾತಿಗೆ ಸೇರಿದ 'ಪುಲಾಕಾ' ಗೆಡ್ಡೆಯನ್ನು ಬೆಳೆಯುತ್ತಾರೆ. ಕಡಲು ಏರಿದಾಗ, ಅಥವಾ ಹೆಬ್ಬರದ ಅಲೆಗಳು ದಡ ದಾಟಿದಾಗ ಉಪ್ಪು ಈ ಹೊಂಡಗಳಿಗೆ ಸೇರುತ್ತದೆ, ಬೆಳೆ ಕೊಳೆಯುತ್ತದೆ. ಅಲೆಗಳು ತಂದು ಹಾಕಿದ ಮರಳಿನಿಂದ 1971ರಿಂದ 2014ರ ನಡುವೆ ತುವಾಲುವಿನ ಒಟ್ಟು ನೆಲ ಶೇ 2.9ರಷ್ಟು ಹೆಚ್ಚಿದೆ ಎಂದು ವಿಜ್ಞಾನಿಗಳು ಅಳೆದು ಹೇಳಿದ್ದುಂಟು. ಆದರೆ ನೆಲ ಇರುವುದು ಬೇರೆ, ಆ ನೆಲದಲ್ಲಿ ಕುಡಿಯುವ ನೀರು, ಉಣ್ಣುವ ಗೆಡ್ಡೆ ಇರುವುದು ಬೇರೆ.

ಕಾಮನಬಿಲ್ಲಿನ ವಾಗ್ದಾನ

ಅಪಾಯದ ಸುದ್ದಿ ಮೊದಲು ಬಂದಾಗ ಅನೇಕ ಹಿರಿಯರು ಅದನ್ನು ನಂಬಲಿಲ್ಲ. ಅವರ ಅಪನಂಬಿಕೆಗೆ ಆಧಾರ ಬೈಬಲಿನ ನೋಹನ ಕಥೆ. ನಮ್ಮ ಮತ್ಸ್ಯಾವತಾರದ ಕಥೆಯಲ್ಲಿ ಪ್ರಳಯದಿಂದ ಪಾರಾಗುವ ಮನುವಿನಂತೆ ಅಲ್ಲಿ ನೋಹ ದೊಡ್ಡ ನಾವೆಯಲ್ಲಿ ಕುಟುಂಬವನ್ನೂ ಪ್ರಾಣಿಗಳನ್ನೂ ಉಳಿಸುತ್ತಾನೆ. ಜಲಪ್ರಳಯ ಇಳಿದ ಮೇಲೆ ದೇವರು ಮುಗಿಲಲ್ಲಿ ಕಾಮನಬಿಲ್ಲು ಮೂಡಿಸಿ, ಇನ್ನೆಂದೂ ಭೂಮಿಯನ್ನು ಪ್ರಳಯದಿಂದ ನಾಶ ಮಾಡುವುದಿಲ್ಲವೆಂದು ಮಾತು ಕೊಡುತ್ತಾನೆ. ದೇವರೇ ಮಾತು ಕೊಟ್ಟಿರುವಾಗ ಕಡಲು ನಮ್ಮನ್ನು ನುಂಗುವುದುಂಟೇ ಎಂಬುದು ಅವರ ವಾದ. ಭಾನುವಾರದ ಪ್ರಾರ್ಥನೆಯೇ ಊರಿನ ಬದುಕಿನ ನಡುಗಂಬವಾಗಿರುವ ನಾಡಿನಲ್ಲಿ ಈ ವಾದವನ್ನು ಅಂಕಿಅಂಶಗಳಿಂದ ಅಲುಗಾಡಿಸುವುದು ಸುಲಭವಿರಲಿಲ್ಲ.

ಅದಕ್ಕೆ ಉತ್ತರ ಹುಡುಕಿದವರು ಧರ್ಮದ ಒಳಗಿನವರೇ. ದೇವರ ವಾಗ್ದಾನ ದೇವರು ಮಾಡುವ ಪ್ರಳಯಕ್ಕೆ ಸಂಬಂಧಿಸಿದ್ದು. ಮನುಷ್ಯರು ಕಲ್ಲಿದ್ದಲು, ತೈಲ ಸುಟ್ಟು ತಂದುಕೊಂಡ ಪ್ರಳಯಕ್ಕೆ ಅದು ಹೊಣೆಯಲ್ಲ ಎಂದು ಪಾದ್ರಿಗಳು, ದೇವಶಾಸ್ತ್ರಜ್ಞರು ವಿವರಿಸತೊಡಗಿದರು. ನೋಹ ಕೂಡ ಎಚ್ಚರಿಕೆ ಕೇಳಿ ಕೈಕಟ್ಟಿ ಕೂರಲಿಲ್ಲ, ಮಳೆ ಬರುವ ಮೊದಲೇ ನಾವೆ ಕಟ್ಟಿದ ಎಂಬುದನ್ನು ನೆನಪಿಸಿದರು.

2004ರ ಮಾರ್ಚ್‌ನಲ್ಲಿ ನೆರೆಯ ಕಿರಿಬಾಸ್ ದೇಶದ ತರಾವಾದಲ್ಲಿ ಪೆಸಿಫಿಕ್ ಚರ್ಚುಗಳ ಪ್ರತಿನಿಧಿಗಳು ಸೇರಿ 'ಒಟಿನ್ ತಾಯ್' ಘೋಷಣೆಯನ್ನು ಹೊರಡಿಸಿದರು. ಅಲ್ಲಿನ ಭಾಷೆಯಲ್ಲಿ ಹಾಗೆಂದರೆ ಸೂರ್ಯೋದಯ. ಹವಾಮಾನ ಬದಲಾವಣೆ ಮನುಷ್ಯಕೃತ ಎಂದು ಅದು ಸ್ಪಷ್ಟವಾಗಿ ಹೇಳಿತು. ಜಗತ್ತಿನ ಇತರ ಚರ್ಚುಗಳು ತಮ್ಮ ಜೊತೆ ನಿಲ್ಲಬೇಕೆಂದು ಕೇಳಿತು. ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ ಹೊರಡಿಸಿದ ಪ್ರಸಿದ್ಧ ವಿಶ್ವಪತ್ರ ಬಂದದ್ದು ಇದಾದ 11 ವರ್ಷಗಳ ನಂತರ, 2015ರಲ್ಲಿ.

ನೆಲ ಕೊಟ್ಟ ಚರ್ಚು

ಮಾತಿಗಷ್ಟೇ ಇದು ನಿಲ್ಲಲಿಲ್ಲ. ಪಪುವಾ ನ್ಯೂಗಿನಿಯ ಬೂಗನ್‌ವಿಲ್ ಪ್ರಾಂತ್ಯಕ್ಕೆ ಸೇರಿದ ಕಾರ್ಟರೆಟ್ ದ್ವೀಪಗಳ ಹಿರಿಯರು 2006ರಲ್ಲಿ 'ತುಲೆಲೆ ಪೇಸಾ' ಎಂಬ ಸಂಸ್ಥೆಯನ್ನು ಕಟ್ಟಿದರು. ಅಲೆಗಳ ಮೇಲೆ ನಮ್ಮ ಪಾಡಿಗೆ ನಾವೇ ಸಾಗುವುದು ಎಂದು ಅದರ ಅರ್ಥ. ದೊಡ್ಡ ದ್ವೀಪದಲ್ಲಿ ಕ್ಯಾಥೊಲಿಕ್ ಚರ್ಚು ಜಮೀನು ಬಿಟ್ಟುಕೊಟ್ಟಿತು. 2009ರಲ್ಲಿ ಮೊದಲ ಕುಟುಂಬಗಳು ಟಿನ್‌ಪುಟ್ಸ್ ಎಂಬಲ್ಲಿಗೆ ಹೋಗಿ ಮನೆ ಕಟ್ಟಿ, ಕೋಕೋ ಬೆಳೆಯತೊಡಗಿದವು. 2014ರಲ್ಲಿ ಕಿರಿಬಾಸ್ ಸರ್ಕಾರ ಫಿಜಿಯ ವನುವಾ ಲೆವು ದ್ವೀಪದಲ್ಲಿ ಸುಮಾರು 20 ಚದರ ಕಿಲೋಮೀಟರ್ ಜಮೀನನ್ನು ಖರೀದಿಸಿತು. ಅದನ್ನು ಮಾರಿದ್ದೂ ಒಂದು ಚರ್ಚೇ, ಆಂಗ್ಲಿಕನ್ ಪಂಥದ್ದು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ದ್ವೀಪಗಳ ಯುವಜನರು ಕೈಯಾರೆ ಕೆತ್ತಿದ ದೋಣಿಗಳೊಡನೆ ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ಗೆ ಹೋಗಿ, ಕಲ್ಲಿದ್ದಲು ರಫ್ತಿನ ದೊಡ್ಡ ಬಂದರಿನ ಮುಂದೆ ಹಡಗುಗಳಿಗೆ ಅಡ್ಡ ನಿಂತರು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಭೂಮಿಯ ತಾಪದ ಏರಿಕೆಯನ್ನು 1.5 ಡಿಗ್ರಿಗೆ ಮಿತಿಗೊಳಿಸುವ ಪ್ರಯತ್ನದ ಮಾತು ಸೇರಿದ್ದರ ಹಿಂದೆ ಈ ಪುಟ್ಟ ದೇಶಗಳ ಪಟ್ಟು ಇತ್ತು.

ನ್ಯಾಯಾಲಯಕ್ಕೆ ಹೋದ ಕುಟುಂಬಗಳೂ ಉಂಟು. 2007ರಲ್ಲಿ ನ್ಯೂಜಿಲೆಂಡಿಗೆ ಹೋಗಿ ನೆಲೆಸಿದ್ದ ಕಿರಿಬಾಸ್‌ನ ದಂಪತಿಗೆ ಅಲ್ಲೇ ಮೂವರು ಮಕ್ಕಳಾದರು. ಊರು ಬಾಳಲು ಯೋಗ್ಯವಾಗಿ ಉಳಿದಿಲ್ಲ, ನಿರಾಶ್ರಿತರೆಂದು ಪರಿಗಣಿಸಿ ಎಂಬ ತಂದೆಯ ಬೇಡಿಕೆಯನ್ನು ನ್ಯಾಯಾಲಯಗಳು ಒಪ್ಪಲಿಲ್ಲ. 2015ರಲ್ಲಿ ಆತನನ್ನು ವಾಪಸು ಕಳುಹಿಸಲಾಯಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯೂ ಆತನ ದೂರನ್ನು ಎತ್ತಿ ಹಿಡಿಯಲಿಲ್ಲ. ಆದರೆ 2020ರ ಜನವರಿಯಲ್ಲಿ ಪ್ರಕಟವಾದ ಅದರ ನಿರ್ಣಯ ಒಂದು ತತ್ವವನ್ನು ಒಪ್ಪಿತು: ಹವಾಮಾನ ಬದಲಾವಣೆಯಿಂದ ಜೀವಕ್ಕೇ ಅಪಾಯವಿರುವ ಕಡೆಗೆ ಜನರನ್ನು ಹಿಂದಕ್ಕಟ್ಟುವುದು ಬದುಕುವ ಹಕ್ಕಿನ ಉಲ್ಲಂಘನೆಯಾಗಬಹುದು. ಸೋತವನ ಮೊಕದ್ದಮೆ ಮುಂದಿನವರಿಗೆ ದಾರಿಯಾಯಿತು.

2019ರಲ್ಲಿ ವನುವಾಟುವಿನಲ್ಲಿ ಓದುತ್ತಿದ್ದ 27 ಕಾನೂನು ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೇ ಒಯ್ಯಬೇಕೆಂದು ಹಟ ಹಿಡಿದರು. ವನುವಾಟು ಸರ್ಕಾರ ಅದನ್ನು ಕೈಗೆತ್ತಿಕೊಂಡಿತು, ಚರ್ಚು ಸಂಘಟನೆಗಳು ಬೆಂಬಲಿಸಿದವು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ನ್ಯಾಯಾಲಯದ ಅಭಿಪ್ರಾಯ ಕೇಳಲು ಒಪ್ಪಿತು. 2025ರ ಜುಲೈ 23ರಂದು ಹೇಗ್‌ನ ನ್ಯಾಯಾಧೀಶರು ಒಮ್ಮತದಿಂದ ಹೇಳಿದರು: ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಹೊಣೆ. ಈ ಅಭಿಪ್ರಾಯ ಯಾವ ದೇಶದ ಕೈಯನ್ನೂ ಕಟ್ಟಿಹಾಕುವುದಿಲ್ಲ; ಆದರೆ ದಾನ ಬೇಡುವಂತಿದ್ದ ಕೋರಿಕೆ ಈಗ ಹಕ್ಕಿನ ಮಾತಾಗಿದೆ.

ಹೀಗಿದ್ದೂ ವಲಸೆಯ ಬಾಗಿಲು ತೆರೆದಾಗಿದೆ. 2023ರಲ್ಲಿ ಸಹಿಯಾದ ಒಪ್ಪಂದದಂತೆ ಆಸ್ಟ್ರೇಲಿಯಾ ವರ್ಷಕ್ಕೆ 280 ಮಂದಿ ತುವಾಲು ಪ್ರಜೆಗಳಿಗೆ ನೆಲೆ ಕೊಡುತ್ತದೆ. 2025ರ ಮೊದಲ ಚೀಟಿ ಎತ್ತುವಿಕೆಗೆ ಕುಟುಂಬದವರೂ ಸೇರಿ ದೇಶದ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಹೆಸರು ಕೊಟ್ಟರು.

ತುವಾಲುವಿನಲ್ಲಿ ಸತ್ತವರನ್ನು ಮನೆಯ ಪಕ್ಕದಲ್ಲೇ ಹೂಳುವ ವಾಡಿಕೆಯಿದೆ. ಚೀಟಿಯಲ್ಲಿ ಹೆಸರು ಬಂದವರು ಮಕ್ಕಳನ್ನು ಕರೆದೊಯ್ಯಬಹುದು, ಬೈಬಲ್ಲನ್ನೂ ಒಯ್ಯಬಹುದು. ಅಜ್ಜ ಅಜ್ಜಿಯರ ಸಮಾಧಿಯನ್ನು ಒಯ್ಯಲಾರರು. ದ್ವೀಪಗಳ ಪಾದ್ರಿಗಳು ವಲಸೆಯ ಏರ್ಪಾಡಿನೊಡನೆ ಹೊಗೆ ತಗ್ಗಿಸಿರೆಂಬ ಬೇಡಿಕೆಯನ್ನೂ ಬಿಡದೆ ಹಿಡಿದಿರುವುದು ಇದಕ್ಕಾಗಿಯೇ. ಕಾಮನಬಿಲ್ಲಿನ ಮಾತನ್ನು ದೇವರು ಉಳಿಸಿಕೊಳ್ಳುತ್ತಾನೆ ಎಂಬುದರಲ್ಲಿ ಅವರಿಗೆ ಅನುಮಾನವಿಲ್ಲ. ಪ್ಯಾರಿಸ್ಸಿನಲ್ಲಿ ಮನುಷ್ಯರು ಕೊಟ್ಟ ಮಾತಿನ ಬಗ್ಗೆ ಮಾತ್ರ ಆ ನಂಬಿಕೆ ಇನ್ನೂ ಬಂದಿಲ್ಲ.