ಗ್ರಾಮಠಾಣಾ ಮನೆಯ ಗಡಿ: ಚೆಕ್ಕುಬಂದಿಯ ಸಾಕ್ಷ್ಯದ ಬಗ್ಗೆ

ಹಳೆ ಮೈಸೂರು ಸೀಮೆಯಲ್ಲಿ ಮನೆಯ ಗಡಿಗೆ ತಕರಾರು ಎದ್ದರೆ ಮೊದಲು ಕೇಳಿಬರುವುದು ‘ಹದ್ದುಬಸ್ತಿಗೆ ಅರ್ಜಿ ಹಾಕಿ’, ಅಂದರೆ ಸರ್ಕಾರಿ ಭೂಮಾಪಕರಿಂದ ಗಡಿ ಗುರುತು ಮಾಡಿಸಿಕೊಳ್ಳಿ ಎಂಬ ಸಲಹೆ. ಜಾಗ ಸರ್ವೆ ನಂಬರಿನೊಳಗಿದ್ದರೆ ಅದು ಸರಿ. ಗ್ರಾಮಠಾಣಾದ, ಅಂದರೆ ಊರೊಳಗಿನ ವಾಸದ ನೆಲದ, ಮನೆಗೆ ಮಾತ್ರ ಅಷ್ಟು ಸುಲಭವಲ್ಲ. ಕಂದಾಯ ಮೋಜಣಿ ನಡೆದದ್ದು ಕಂದಾಯ ಕಟ್ಟುವ ಹೊಲಗದ್ದೆಗಳಿಗಾಗಿ. ಊರೊಳಗಿನ ನೆಲಕ್ಕೆ ಸಾಮಾನ್ಯವಾಗಿ ಹೊರಗಡಿಯನ್ನಷ್ಟೇ ಹಿಡಿದು, ಒಳಗಿನ ಮನೆ, ಹಿತ್ತಲು, ಓಣಿಗಳನ್ನು ಬಿಡಿಬಿಡಿಯಾಗಿ ಅಳೆಯದೆ ಬಿಟ್ಟರು. ಹೀಗಾಗಿ ಭೂಮಾಪಕರು ಬಂದರೂ ತಾಳೆ ನೋಡಲು ಮೂಲ ಅಳತೆಯೇ ಇರುವುದಿಲ್ಲ.

ಅಳೆದ ಕಡೆಯೂ ಆ ಅಳತೆ ಎಷ್ಟು ಸೂಕ್ಷ್ಮವಾಗಿತ್ತು ಎಂದು ಕೇಳಬೇಕು. ಮೈಸೂರು ಅನುಸರಿಸಿದ ಬಾಂಬೆ ಪದ್ಧತಿಯಲ್ಲಿ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲದ ನೆಲ ಒಂದು ಗುಂಟೆ, ಅಂದರೆ 1,089 ಚದರಡಿ. ಒಂದು ಆಣೆಗೆ ಎರಡು ಅಡಿ, ಮೇಲೆ ಮುಕ್ಕಾಲು ಇಂಚು. ರಾಗಿ ಹೊಲದ ಬದುವಿಗೆ ಇಷ್ಟು ಧಾರಾಳ ಸಾಕು. ಕಾಂಪೌಂಡ್ ಗೋಡೆ ಒಂಬತ್ತು ಇಂಚು ಒತ್ತುವರಿಯಾಗಿದೆಯೇ ಎಂಬ ಜಗಳವನ್ನು ಆಣೆ ಲೆಕ್ಕದ ದಾಖಲೆ ಬಗೆಹರಿಸಲಾರದು. ಇಂದಿನ ಟೋಟಲ್ ಸ್ಟೇಷನ್ ಮಿಲಿಮೀಟರ್ ಲೆಕ್ಕದಲ್ಲಿ ಅಳೆದರೂ ಅದನ್ನು ಹೋಲಿಸುವುದು ಇದೇ ಆಣೆಯ ಕಾಗದದ ಜೊತೆ.

ಆದ್ದರಿಂದ ಗ್ರಾಮಠಾಣಾದಲ್ಲಿ ಮುಖ್ಯ ಸಾಕ್ಷ್ಯವೆಂದರೆ ಕ್ರಯಪತ್ರದ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಗಳ ವಿವರ. ಪತ್ರದ ಅಳತೆಗೂ ಚೆಕ್ಕುಬಂದಿಗೂ ಹೊಂದಿಕೆಯಾಗದಿದ್ದಾಗ, ಎಲ್ಲೆ ಖಚಿತವಾಗಿದ್ದರೆ ಎಲ್ಲೆಯೇ ಮೇಲು ಎಂಬುದು ನ್ಯಾಯಾಲಯಗಳು ಒಪ್ಪಿಕೊಂಡು ಬಂದ ಸೂತ್ರ. ಪ್ಯಾಲೆಸ್ಟೀನಿನ ಜಮೀನೊಂದರ ಬಗ್ಗೆ ಪ್ರಿವಿ ಕೌನ್ಸಿಲ್ 1948ರಲ್ಲಿ ಕೊಟ್ಟ ತೀರ್ಪನ್ನು ನಮ್ಮ ಗಡಿ ವ್ಯಾಜ್ಯಗಳಲ್ಲೂ ಉಲ್ಲೇಖಿಸುತ್ತಾರೆ. ತೊಡಕಿರುವುದು ‘ಖಚಿತ’ ಎನ್ನುವಲ್ಲೇ. ಪತ್ರ ಬರೆಯುವವರು ಹಳೆಯ ಪತ್ರದ ಚೆಕ್ಕುಬಂದಿಯನ್ನು ಹಾಗೆಯೇ ನಕಲಿಳಿಸುತ್ತಾರೆ. ಪಕ್ಕದವರು ಮಾರಿಯೋ ಪಾಲಾಗಿಯೋ ಹೋಗಿದ್ದರೂ ಅವರ ಹೆಸರು ಕಾಗದದಲ್ಲಿ ಉಳಿದಿರುತ್ತದೆ.

ಇದಕ್ಕೆ ನನಗೆ ತೋಚುವ ದಾರಿ, ಅಕ್ಕಪಕ್ಕದವರ ಪತ್ರಗಳನ್ನೂ ತರಿಸಿ ಓದುವುದು. ನಮ್ಮ ಪಡುವಣ ಎಲ್ಲೆ ಅವರ ಮನೆಯಾದರೆ ಅವರ ಮೂಡಣ ಎಲ್ಲೆ ನಮ್ಮ ಮನೆಯೇ ಆಗಿರಬೇಕು. ಆಮೇಲೆ ಅಳತೆಗಳನ್ನು ಕೂಡಬೇಕು. ಎರಡು ಓಣಿಗಳ ನಡುವೆ ಮೂರು ಮನೆ, ಮೂರು ಪತ್ರದಲ್ಲೂ ಅಗಲ 31 ಅಡಿ ಎಂದಿಟ್ಟುಕೊಳ್ಳಿ. ನೆಲದ ಮೇಲೆ ಓಣಿಯಿಂದ ಓಣಿಗೆ 92 ಅಡಿಯೇ ಇದ್ದರೆ, ಕಡಿಮೆ ಬಿದ್ದ ಒಂದು ಅಡಿಯನ್ನು ಪಕ್ಕದವರೇ ನುಂಗಿದರೆಂದು ಹೇಳಲಾಗದು. ಓಣಿ ಅಗಲವಾಗಿರಬಹುದು, ಬರೆದ ಅಳತೆಯೇ ಅಂದಾಜಿನದಾಗಿರಬಹುದು. ಒಂದೇ ಮನೆಯನ್ನು ಅಳೆದು ಕೊಟ್ಟ ವರದಿಯಲ್ಲಿ ಇದು ಕಾಣುವುದೇ ಇಲ್ಲ.

2020ರ ಏಪ್ರಿಲ್ 24ರಂದು ಆರಂಭವಾದ, ಕರ್ನಾಟಕವೂ ಮೊದಲ ಹಂತದಲ್ಲೇ ಸೇರಿದ ಸ್ವಾಮಿತ್ವ ಯೋಜನೆ, ಊರೊಳಗಿನ ಮನೆಗಳಿಗೆ ಮೂಲ ಅಳತೆಯೇ ಇಲ್ಲದ ಕೊರತೆಯನ್ನು ಡ್ರೋನ್ ಮೋಜಣಿಯಿಂದ ತುಂಬಲು ಹೊರಟಿದೆ. ಡ್ರೋನ್ ಹಾರಿಸುವ ಮುನ್ನ ನೆಲದ ಮೇಲೆ ಸುಣ್ಣದ ಗೆರೆ ಎಳೆಯುತ್ತಾರೆ. ಕ್ಯಾಮೆರಾ ಹಿಡಿಯುವುದು ಆ ಗೆರೆಯನ್ನು. ಅದನ್ನು ಎಳೆಯಬೇಕಾದ್ದು ಎಲ್ಲಿ ಎಂಬುದನ್ನಲ್ಲ. ಎಳೆಯುವ ಹೊತ್ತಿಗೆ ಪಕ್ಕದವರು ಊರಲ್ಲಿರಲಿಲ್ಲ ಎಂದರೆ ತಕರಾರೂ ಅಚ್ಚುಕಟ್ಟಾಗಿ ನಕ್ಷೆಗೇರುತ್ತದೆ! ಇನ್ನೊಂದು ಸಂಗತಿ ಸೂರಿನದು. ಮೇಲಿನಿಂದ ಕಾಣುವುದು ಹೆಂಚಿನ ಅಂಚು, ಗೋಡೆಯ ಬುಡ ಅದರಿಂದ ಒಳಗಿರುತ್ತದೆ. ಒತ್ತಾಗಿ ಕಟ್ಟಿದ ಕೇರಿಯಲ್ಲಿ ಜಗಳ ನಡೆಯುವುದು ಸೂರಿನಡಿಯ ಈ ಅಡಿ, ಒಂದೂವರೆ ಅಡಿಗೇ. ಸ್ಥಳಕ್ಕೆ ಹೋಗಿ ತಾಳೆ ನೋಡುವಾಗ ಇದನ್ನು ಟೇಪು ಹಿಡಿದೇ ಸರಿಪಡಿಸಬೇಕು. ಸೂರಿನ ನೀರನ್ನು ಪಕ್ಕದ ನೆಲಕ್ಕೆ ಬೀಳಿಸುವ ಹಕ್ಕು ಬಹುಕಾಲದ ಅನುಭೋಗದಿಂದ ಬರಬಹುದು, ಅಷ್ಟಕ್ಕೇ ಆ ನೆಲ ಸ್ವಂತದ್ದಾಗುವುದಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶ, 9ನೇ ನಿಯಮದಡಿ ಕೋರ್ಟ್ ಕಮಿಷನರನ್ನು ನೇಮಿಸುವಂತೆ ಕೋರುವವರು ‘ಒತ್ತುವರಿ ಆಗಿದೆಯೇ’ ಎಂದಷ್ಟೇ ಕೇಳಿ ಸುಮ್ಮನಾಗಬಾರದು. ಓಣಿಯಿಂದ ಓಣಿಗಿರುವ ದೂರ, ಗೋಡೆ ಬುಡದ ರೇಖೆ, ಸೂರಿನ ಅಂಚು, ಈ ಮೂರನ್ನೂ ಒಂದೇ ನಕ್ಷೆಯಲ್ಲಿ ಬೇರೆಬೇರೆಯಾಗಿ ತೋರಿಸುವಂತೆ ಕಮಿಷನರಿಗೆ ಕೊಡುವ ಮೆಮೊದಲ್ಲೇ ಕೇಳಬೇಕು.