ಮಂಗಳೂರಿನ ಅಕ್ಕಿ, ಮಸ್ಕತ್ತಿನ ಕುದುರೆ: ಟಿಪ್ಪುವಿನ ರಾಯಭಾರ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರಹಕ್ಕಿಳಿಸಿದ್ದೇನೆ. ಲೋಕಲ್ ಟ್ರೈನಿನಲ್ಲಿ ನಿಂತುಕೊಂಡು ಹೋಗುವವರಿಗೆ ನೋಡೋದಕ್ಕಿಂತ ಓದೋದೇ ಸುಲಭ.

ಮಲಾಡ್‌ನಲ್ಲಿ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಒಂದು ಮಾತು ಆಗಾಗ ಬರುತ್ತೆ. ಎರಡು ಮುಸ್ಲಿಂ ದೇಶಗಳ ನಡುವೆ ಏನಾದರೂ ಒಪ್ಪಂದ ಆಯಿತು ಅಂತ ಸುದ್ದಿ ಬಂದರೆ ಸಾಕು, "ಅವರೆಲ್ಲ ಒಂದೇ ಬಿಡಪ್ಪ" ಅಂತ ಯಾರಾದರೂ ಹೇಳ್ತಾರೆ. ಕೆಲವರು ಅದನ್ನ ಭಯದಿಂದ ಹೇಳ್ತಾರೆ, ಕೆಲವರು ಆಸೆಯಿಂದ. ಧರ್ಮ ಒಂದಾದರೆ ವಿದೇಶಾಂಗ ನೀತಿಯೂ ಒಂದೇ ಅನ್ನೋ ನಂಬಿಕೆ ಮಾತ್ರ ಇಬ್ಬರಿಗೂ ಇದೆ. ಈ ನಂಬಿಕೆಯನ್ನ ಪರೀಕ್ಷೆ ಮಾಡೋಕೆ ನಾವು ದೂರ ಹೋಗಬೇಕಿಲ್ಲ. ನಮ್ಮ ಶ್ರೀರಂಗಪಟ್ಟಣದ ಕಾಗದಪತ್ರಗಳಲ್ಲೇ ಉತ್ತರ ಇದೆ.

ಮೊದಲೇ ಒಂದು ಮಾತು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನೋ ಚರ್ಚೆ ಇವತ್ತಿನದಲ್ಲ. ಮೈಸೂರಿನ ಪ್ರಜೆಗಳಲ್ಲಿ ಹೆಚ್ಚಿನವರು ಹಿಂದೂಗಳು, ದೊರೆ ಮುಸ್ಲಿಂ. ಆ ದೊರೆ ಒಮಾನ್ ಮತ್ತು ತುರ್ಕಿಯ ಆಟೋಮನ್ ಸಾಮ್ರಾಜ್ಯದ ಜೊತೆ ವ್ಯಾಪಾರ ಬೇಕು, ರಕ್ಷಣೆಯೂ ಬೇಕು ಅಂತ ಕೈ ಚಾಚಿದ. ಕೈಗೆ ಸಿಕ್ಕಿದ್ದೇನು, ಸಿಗದೇ ಹೋದದ್ದೇನು ಅನ್ನೋದಷ್ಟೇ ನಮ್ಮ ವಿಷಯ.

ಟಿಪ್ಪುವಿಗಿಂತ ಹಳೆಯ ಅಕ್ಕಿ

ಮಸ್ಕತ್ತಿನ ಸುತ್ತ ಬರೀ ಕಲ್ಲುಬೆಟ್ಟ. ಭತ್ತ ಬೆಳೆಯೋ ಜಾಗವೇ ಅಲ್ಲ. ನಮ್ಮ ಕರಾವಳಿಯಲ್ಲಿ ಮಳೆ ಹೇರಳ, ಅಕ್ಕಿ ಮಿಗುತ್ತಿತ್ತು. ಹಾಗಾಗಿ ಹೈದರ್, ಟಿಪ್ಪು ಬರೋದಕ್ಕೆ ಮುಂಚೆ, ಕೆಳದಿ ನಾಯಕರ ಕಾಲದಲ್ಲೇ ಬಸ್ರೂರು, ಮಂಗಳೂರಿನ ಅಕ್ಕಿ ಅರಬ್ಬರ ಹಡಗು ಹತ್ತುತ್ತಿತ್ತು. ಕೆಳದಿಯವರು ವೀರಶೈವ ಅರಸರು, ಕೊಳ್ಳುವವರು ಮುಸ್ಲಿಮರು. ವ್ಯಾಪಾರಕ್ಕೆ ಅದೇನೂ ಅಡ್ಡಿಯಾಗಲಿಲ್ಲ. ಅಡ್ಡ ಬಂದವರು ಪೋರ್ಚುಗೀಸರು. ಅರಬ್ಬರ ವ್ಯಾಪಾರವನ್ನ ಅವರು ತಡೆದರು. ಆ ಸಿಟ್ಟಿಗೆ 1695ರಲ್ಲಿ ಅರಬ್ಬರು ಬಂದು ಮಂಗಳೂರಿಗೆ ಬೆಂಕಿ ಇಟ್ಟರು. ಅಕ್ಕಿಯ ದಾರಿ ಅಷ್ಟು ದೊಡ್ಡ ವಿಷಯವಾಗಿತ್ತು.

1763ರಲ್ಲಿ ಹೈದರ್ ಅಲಿ ಬಿದನೂರು ಗೆದ್ದ. ಅದರ ಜೊತೆಗೇ ಈ ಕರಾವಳಿಯೂ ಈ ವ್ಯಾಪಾರವೂ ಮೈಸೂರಿನ ಕೈಗೆ ಬಂತು. ಅಂದರೆ ಮಸ್ಕತ್ತಿನ ನಂಟನ್ನ ಮೈಸೂರು ಹೊಸದಾಗಿ ಕಟ್ಟಲಿಲ್ಲ, ಬಳುವಳಿಯಾಗಿ ಪಡೆಯಿತು.

ಮಸ್ಕತ್ತಿನ ಕೋಠಿ

ಟಿಪ್ಪು ಮಾಡಿದ ಹೊಸ ಕೆಲಸ ಅಂದರೆ ಈ ವ್ಯಾಪಾರವನ್ನ ಸರ್ಕಾರದ್ದೇ ಮಾಡಿದ್ದು. ಮಸ್ಕತ್ತಿನಲ್ಲಿ ಮೈಸೂರು ಸರ್ಕಾರದ ಕೋಠಿ ತೆರೆದ, ಅಂದರೆ ಮಳಿಗೆ ಮತ್ತು ಕಚೇರಿ ಎರಡೂ ಸೇರಿದ ಮನೆ. ಆಮೇಲೆ ಕಚ್ಛ್‌ನಲ್ಲೂ ಕೋಠಿಗಳಾದವು. ಇಲ್ಲಿಂದ ಅಕ್ಕಿ, ಕಾಳುಮೆಣಸು, ಏಲಕ್ಕಿ, ಶ್ರೀಗಂಧ ಹೋಗುತ್ತಿದ್ದವು. ಅಲ್ಲಿಂದ ಕುದುರೆ, ಮದ್ದಿಗೆ ಬೇಕಾದ ಗಂಧಕ, ಕೇಸರಿ ಬರುತ್ತಿದ್ದವು. ಮಸ್ಕತ್ತಿನ ಕೋಠಿಯ ಮುಖ್ಯಸ್ಥ ಮೀರ್ ಕಾಜಿಂಗೆ ಟಿಪ್ಪು ಬರೆಸಿದ ಪತ್ರಗಳನ್ನ ಕರ್ಕ್‌ಪ್ಯಾಟ್ರಿಕ್ ಅನ್ನೋ ಬ್ರಿಟಿಷ್ ಅಧಿಕಾರಿ 1811ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ. ಓದಿದರೆ ರಾಜನ ಪತ್ರಕ್ಕಿಂತ ಖರೀದಿ ವಿಭಾಗದ ಮೇಲ್ ಓದಿದ ಹಾಗಾಗುತ್ತೆ.

ಅಲ್ಲಿ ಕೋಠಿಯ ವ್ಯವಹಾರ ನಡೆಯೋಕೆ ಹಿಂದೂ ದಲ್ಲಾಳಿಗಳೂ ಬೇಕಿತ್ತು. ಮಸ್ಕತ್ತಿನ ಪೇಟೆಯಲ್ಲಿ ಕಚ್ಛ್ ಮತ್ತು ಸಿಂಧ್ ಕಡೆಯ ಭಾಟಿಯಾ ವರ್ತಕರದ್ದೇ ದೊಡ್ಡ ಕೈ. ಅದೇ ಭಾಟಿಯಾ ಸಮುದಾಯದವರು ಮುಂದೆ ಮುಂಬೈಯಲ್ಲೂ ದೊಡ್ಡ ವ್ಯಾಪಾರಸ್ಥರಾದರು. ಇನ್ನು "ಮುಸ್ಲಿಂ" ಅನ್ನೋ ಪದವೂ ಅಷ್ಟು ಸರಳ ಅಲ್ಲ. ಒಮಾನಿನವರು ಇಬಾದಿ ಪಂಥದವರು, ತುರ್ಕರು ಸುನ್ನಿಗಳು, ಇರಾನಿನವರು ಶಿಯಾಗಳು. ಮೂವರಿಗೂ ಒಬ್ಬರ ಮೇಲೊಬ್ಬರಿಗೆ ಅನುಮಾನ ಇದ್ದೇ ಇತ್ತು.

ತದಡಿಯಿಂದ ಹೊರಟ ನಾಲ್ಕು ಹಡಗು

ವ್ಯಾಪಾರ ಚೆನ್ನಾಗಿತ್ತು. ಟಿಪ್ಪುವಿಗೆ ಅದಕ್ಕಿಂತ ದೊಡ್ಡದು ಬೇಕಿತ್ತು: ಕಂಪನಿಯ ವಿರುದ್ಧ ನಿಲ್ಲುವ ಜೊತೆಗಾರ. 1784ರ ಮಂಗಳೂರು ಒಪ್ಪಂದದಿಂದ ಒಂದು ಯುದ್ಧ ಮುಗಿದಿತ್ತು. ಇನ್ನೊಂದು ಬರುತ್ತೆ ಅಂತ ಅವನಿಗೆ ಗೊತ್ತಿತ್ತು. 1786ರ ಮಾರ್ಚ್‌ನಲ್ಲಿ ಈಗಿನ ಕುಮಟಾ ತಾಲೂಕಿನ ತದಡಿ ಬಂದರಿನಿಂದ ನಾಲ್ಕು ಹಡಗು, ಸುಮಾರು 900 ಜನ ಹೊರಟರು. ಮುಖ್ಯ ರಾಯಭಾರಿ ಗುಲಾಮ್ ಅಲಿ ಖಾನ್. ಜೊತೆಯಲ್ಲಿದ್ದ ಖ್ವಾಜಾ ಅಬ್ದುಲ್ ಖಾದಿರ್ ಪರ್ಶಿಯನ್‌ನಲ್ಲಿ ದಿನಚರಿ ಬರೆದ. ಈ ಪ್ರಯಾಣದ ಬಗ್ಗೆ ನಮಗೆ ಗೊತ್ತಿರೋದರಲ್ಲಿ ಬಹಳಷ್ಟು ಅದರಿಂದಲೇ.

ದಾರಿ ಮಸ್ಕತ್ತಿನ ಮೇಲೆ, ಬಸ್ರಾ, ಅಲ್ಲಿಂದ ಇಸ್ತಾಂಬುಲ್. ಮಸ್ಕತ್ತಿನಲ್ಲಿ ಅವರಿಗೆ ಒಳ್ಳೆಯ ಸ್ವಾಗತವೇ ಸಿಕ್ಕಿತು. ಸುಲ್ತಾನನ ಮುಂದೆ ಇಡಬೇಕಾದ ಪಟ್ಟಿ ದೊಡ್ಡದಿತ್ತು: ಬ್ರಿಟಿಷರ ವಿರುದ್ಧ ಸೈನ್ಯದ ನೆರವು, ವ್ಯಾಪಾರದ ರಿಯಾಯಿತಿ, ಕುಶಲಕರ್ಮಿಗಳು. ಎಲ್ಲಕ್ಕಿಂತ ಧೈರ್ಯದ ಪ್ರಸ್ತಾಪ ಅಂದರೆ ಬಸ್ರಾ ಬಂದರನ್ನ ಮೈಸೂರಿಗೆ ಗುತ್ತಿಗೆ ಕೊಡಿ, ಬದಲಿಗೆ ನಮ್ಮ ಕರಾವಳಿಯ ಬಂದರು ತಗೊಳ್ಳಿ ಅನ್ನೋದು.

ನಿಯೋಗ 1787ರಲ್ಲಿ ಇಸ್ತಾಂಬುಲ್ ತಲುಪಿತು. ಅದೇ ವರ್ಷ ಆಗಸ್ಟ್‌ನಲ್ಲಿ ತುರ್ಕಿಗೂ ರಷ್ಯಾಕ್ಕೂ ಯುದ್ಧ ಶುರುವಾಗಿತ್ತು. ಸುಲ್ತಾನ ಮೊದಲನೇ ಅಬ್ದುಲ್ ಹಮೀದ್‌ಗೆ ರಷ್ಯಾವೇ ಶತ್ರು, ಬ್ರಿಟನ್ ಅಲ್ಲ. ಬ್ರಿಟನ್ನನ್ನ ಕೆಣಕುವ ಸ್ಥಿತಿಯಲ್ಲಿ ಅವನು ಇರಲಿಲ್ಲ. ಮರ್ಯಾದೆ, ಉಡುಗೊರೆ, ಸ್ನೇಹದ ಪತ್ರ, ಸ್ವತಂತ್ರ ದೊರೆ ಅನ್ನೋ ಮನ್ನಣೆ ಸಿಕ್ಕವು. ಸೈನ್ಯ ಸಿಗಲಿಲ್ಲ, ಬಸ್ರಾವೂ ಸಿಗಲಿಲ್ಲ. ನಡುವೆ ಪ್ಲೇಗ್ ಬಡಿದು ನಿಯೋಗದ ಬಹಳ ಜನ ಸತ್ತರು. ಹೋದ 900ರಲ್ಲಿ ಊರು ಮುಟ್ಟಿದವರು ಕೆಲವೇ ಮಂದಿ. ಅರಮನೆಯ ಪತ್ರ ತರೋಕೆ ಹೋದ ಅಡುಗೆಯವರು, ಖಲಾಸಿಗಳು, ಕಾವಲಿನವರು ಎಲ್ಲಿ ಮಣ್ಣಾದರು ಅಂತ ಅವರ ಮನೆಯವರಿಗೆ ತಿಳಿಯಿತೋ ಇಲ್ಲವೋ.

ಇಷ್ಟಾದ ಮೇಲೆ 1790ರಲ್ಲಿ ಯುದ್ಧ ಬಂತು. ಟಿಪ್ಪುವಿನ ಎದುರು ಕಂಪನಿ, ಮರಾಠರು ಮತ್ತು ಹೈದರಾಬಾದಿನ ನಿಜಾಮ. ಪಕ್ಕದ ಮನೆಯ ಮುಸ್ಲಿಂ ದೊರೆಯೇ ಎದುರು ಪಾಳಯದಲ್ಲಿ! 1792ರಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳನ್ನ ಒತ್ತೆ ಇಡಬೇಕಾಯಿತು.

ಮುಂಬೈಯಿಂದ ಹೋದವನೊಬ್ಬ

ಈಗ ನಾನು ಕೂತಿರೋ ಜಾಗದ ಕಡೆ ಬರೋಣ. ಮಲಾಡ್ ಇರೋದು ಸಾಷ್ಟಿ ದ್ವೀಪದಲ್ಲಿ. 1774ರ ಕೊನೆಗೆ ಬ್ರಿಟಿಷರು ಠಾಣೆಯ ಕೋಟೆ ಹಿಡಿದು ಈ ದ್ವೀಪವನ್ನ ಮರಾಠರಿಂದ ಕಸಿದುಕೊಂಡರು. ಅಂದರೆ ತದಡಿಯಿಂದ ಹಡಗು ಹೊರಟಾಗ ಮಲಾಡ್ ಕಂಪನಿಯ ಕೈಗೆ ಬಂದು ಹನ್ನೆರಡು ವರ್ಷವೂ ಆಗಿರಲಿಲ್ಲ. ಮೈಸೂರು–ಮಸ್ಕತ್ ನಂಟಿನ ಮೇಲೆ ಕಣ್ಣಿಟ್ಟದ್ದು ಇದೇ ಮುಂಬೈ ಸರ್ಕಾರ.

1798ರ ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ. ಫ್ರೆಂಚರು ಟಿಪ್ಪುವಿನ ಗೆಳೆಯರು. ಮುಂಬೈ ಗವರ್ನರ್ ಜೊನಾಥನ್ ಡಂಕನ್ ಕೂಡಲೇ ಮೆಹದಿ ಅಲಿ ಖಾನ್ ಅನ್ನೋವನನ್ನ ಕೊಲ್ಲಿಗೆ ಕಳಿಸಿದ. 1798ರ ಅಕ್ಟೋಬರ್ 12ರಂದು ಮಸ್ಕತ್ತಿನ ದೊರೆ ಸುಲ್ತಾನ್ ಬಿನ್ ಅಹ್ಮದ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಫ್ರೆಂಚರಿಗೆ ತನ್ನ ನೆಲದಲ್ಲಿ ಜಾಗ ಕೊಡಲ್ಲ ಅಂತ ಮಾತು ಕೊಟ್ಟ. ಮಸ್ಕತ್ತಿಗೆ ಫ್ರೆಂಚರ ಮಾರಿಷಸ್ ಜೊತೆಗೂ ವ್ಯಾಪಾರ ಇತ್ತು. ಆದರೆ ಮುಂಬೈ, ಸೂರತ್ತಿನ ಬಾಗಿಲು ಮುಚ್ಚಿದರೆ ಒಮಾನಿನ ಹೊಟ್ಟೆಗೇ ಹೊಡೆತ.

ತುರ್ಕಿಯ ಕಥೆಯೂ ಹಾಗೇ ಆಯಿತು. ಈಜಿಪ್ಟ್ ತುರ್ಕರ ಪ್ರಾಂತ್ಯ, ಹಾಗಾಗಿ ಈಗ ಬ್ರಿಟನ್ ಅವರ ಮಿತ್ರ. ಹೊಸ ಸುಲ್ತಾನ ಮೂರನೇ ಸಲೀಂ 1798ರ ಸೆಪ್ಟೆಂಬರ್‌ನಲ್ಲಿ ಟಿಪ್ಪುವಿಗೆ ಪತ್ರ ಬರೆದ: ಫ್ರೆಂಚರನ್ನ ನಂಬಬೇಡ, ಇಂಗ್ಲಿಷರ ಜೊತೆ ಜಗಳ ಬೇಡ, ತಕರಾರಿದ್ದರೆ ನಾನು ಮಧ್ಯಸ್ಥಿಕೆ ಮಾಡ್ತೀನಿ ಅನ್ನೋದು ಅದರ ಸಾರ. ಆ ಪತ್ರವನ್ನ ಟಿಪ್ಪುವಿಗೆ ಮುಟ್ಟಿಸಿದವನು ಯಾರು ಗೊತ್ತಾ? ಯುದ್ಧಕ್ಕೆ ಸಜ್ಜಾಗುತ್ತಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿ.

1799ರ ಜನವರಿ 25ರಂದು ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದು, ಅದನ್ನ ಮುಟ್ಟಿಸಿ ಅಂತ ಮಸ್ಕತ್ತಿನ ದೊರೆಗೆ ಕೇಳಿಕೊಂಡ. ಮಸ್ಕತ್ ಕಂಪನಿಗೆ ಮಾತು ಕೊಟ್ಟು ಆಗಲೇ ಮೂರು ತಿಂಗಳಾಗಿತ್ತು. ಪತ್ರ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಕೋಟೆಗೆ ಮುತ್ತಿಗೆ ಹಾಕಿದವರ ಜೊತೆ ನಿಜಾಮನ ಸೈನ್ಯವೂ ಇತ್ತು.

ಉಳಿದದ್ದು ಏನು

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕಂಪನಿಯ ಪರವಾಗಿ ಕರಾವಳಿ ಸುತ್ತಿದ. ಮಂಗಳೂರಿನಿಂದ ಹೊರಹೋಗುವ ಮುಖ್ಯ ಸರಕು ಅಕ್ಕಿ ಅಂತ ಬರೆದ. ಎಲ್ಲಿಗೆ? ಮಸ್ಕತ್, ಗೋವಾ, ಮುಂಬೈ, ಮಲಬಾರ್. ರಾಜ್ಯ ಬಿದ್ದು ಎರಡೇ ವರ್ಷಕ್ಕೆ, ಹೊಸ ಧ್ವಜದ ಕೆಳಗೆ, ಹಳೇ ಅಕ್ಕಿ ಹಳೇ ದಾರಿಯಲ್ಲೇ ಹೋಗುತ್ತಿತ್ತು. ಶತ್ರುವಾಗಿದ್ದ ಮುಂಬೈಯೂ ಗೆಳೆಯನಾಗಿದ್ದ ಮಸ್ಕತ್ತೂ ಉಣ್ಣುತ್ತಿದ್ದದ್ದು ಒಂದೇ ಕರಾವಳಿಯ ಅನ್ನ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಎರಡು ಸಿಸ್ಟಮ್ ಒಂದೇ ಲ್ಯಾಂಗ್ವೇಜಿನಲ್ಲಿ ಬರೆದಿದ್ದಾರೆ ಅನ್ನೋ ಕಾರಣಕ್ಕೆ ಒಂದಕ್ಕೊಂದು ಹೊಂದಿಕೊಳ್ಳಲ್ಲ. ಯಾವುದು ಯಾವುದರ ಮೇಲೆ ನಿಂತಿದೆ ಅಂತ ನೋಡಬೇಕು. ಮಸ್ಕತ್ ನಿಂತಿದ್ದು ಮಂಗಳೂರಿನ ಅಕ್ಕಿ ಮತ್ತು ಮುಂಬೈಯ ಸಮುದ್ರದ ಮೇಲೆ. ಎರಡರಲ್ಲಿ ಒಂದನ್ನ ಆರಿಸೋ ದಿನ ಬಂದಾಗ ಅದು ಸಮುದ್ರವನ್ನ ಆರಿಸಿತು. ಅಕ್ಕಿ ಹೇಗೂ ಬರುತ್ತೆ, ಯಾರು ಆಳಿದರೂ ರೈತ ಭತ್ತ ಬೆಳೀತಾನೆ.

ಹಾಗಾಗಿ ಮುಂದಿನ ಸಲ ಎರಡು ದೇಶಗಳ ಒಪ್ಪಂದದ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿ ನೋಡಿ. ಇವರು ಒಬ್ಬರಿಂದೊಬ್ಬರು ಏನು ಕೊಳ್ತಾರೆ? ಇಬ್ಬರಿಗೂ ಶತ್ರು ಒಬ್ಬನೇನಾ? ಯಾವ ಮೂರನೆಯವನಿಗೆ ಇವರು ಹೆದರಬೇಕು? ದೊರೆಗಳ ಧರ್ಮ ಪತ್ರದ ಒಕ್ಕಣೆಯಲ್ಲಿ ಸಿಗುತ್ತೆ. ಈ ಮೂರಕ್ಕೆ ಉತ್ತರ ಅದರಲ್ಲಿ ಸಿಗಲ್ಲ. ಊಟದ ಟೇಬಲ್ಲಿನಲ್ಲಿ ಪಕ್ಕ ಕೂತ ಸಹೋದ್ಯೋಗಿಗೆ ಯಾವುದೋ ದೇಶದ ವಿದೇಶಾಂಗ ನೀತಿಯ ಲೆಕ್ಕ ಹೇಳು ಅಂತ ಕೇಳೋದಂತೂ ಬೇಡವೇ ಬೇಡ. ಎರಡು ಸಾಮ್ರಾಜ್ಯಗಳಿಂದಲೇ ಆಗದ ಕೆಲಸ ಅದು.

ಮುಂದಿನ ವಾರ ಸಿಗೋಣ. ನಮಸ್ಕಾರ.